ಹಿಂದಿನ ಬೆಂಚಿನ ಬಿನ್ನಹ

ಹುಬ್ಬಳ್ಳಿಯ ಬಾರದಾನ ಓಣಿಯ ತುದಿಯಲ್ಲಿ, ಹಿಂದೊಮ್ಮೆ ಗೋಣಿಚೀಲದ ಗೋದಾಮಾಗಿದ್ದ ತಗಡಿನ ಕೋಣೆಯೊಂದರಲ್ಲಿ ಪೂಜ್ಯ ಶ್ರೀ ಘಂಟಯ್ಯ ಅಪ್ಪನವರು ವಾಸವಾಗಿದ್ದ ಕಾಲದ ಸಂಗತಿ ಇದು. ಗೋಡೆಯಲ್ಲೊಂದು ಗೂಡು, ಗೂಡಿನಲ್ಲೊಂದು ದೀಪ, ನೆಲದ ಮೇಲೊಂದು ಚಾಪೆ. ಭಕ್ತರಿಗೆ ಅದೇ ಮಠ. ಅಲ್ಲಿ ಒಲೆ ಇರಲಿಲ್ಲ. ಅಪ್ಪನವರು ದಿನಕ್ಕೆ ಒಮ್ಮೆ, ಮಧ್ಯಾಹ್ನ ಮಾತ್ರ, ಪ್ರಸಾದ ಸ್ವೀಕರಿಸುತ್ತಿದ್ದರು. ಓಣಿಯ ಮನೆಗಳವರು ಪಾಳಿ ಹಚ್ಚಿಕೊಂಡು, ಇಂದು ಇವರು ನಾಳೆ ಅವರು ಎಂದು, ಅವರನ್ನು ಊಟಕ್ಕೆ ಬಿಜಯಂಗೈಸುತ್ತಿದ್ದರು. ಹೀಗೆ ಗುರುಗಳನ್ನು ಮನೆಗೆ ಕರೆದು ಉಣಿಸುವುದಕ್ಕೆ ಆ ಓಣಿಯಲ್ಲಿ ಬಿನ್ನಹ ಎನ್ನುತ್ತಿದ್ದರು.

ಆ ಓಣಿಯ ಶಾಲೆ ನಾಲ್ಕನೆಯ ಇಯತ್ತೆಗೇ ಮುಗಿಯುತ್ತಿತ್ತು. ಮುಂದೆ ಕಲಿಯಬೇಕೆಂದರೆ ರೈಲಿನ ಹಳಿ ದಾಟಿ, ಗೂಡ್ಸ್ ಶೆಡ್ಡಿನ ಹಿಂದಿನ ಸಂದಿ ಹಿಡಿದು ದೊಡ್ಡ ಶಾಲೆಗೆ ಹೋಗಬೇಕು. ಆ ಸಂದಿಯಲ್ಲಿ ಹಗಲೆಲ್ಲ ಇಸ್ಪೀಟು ಆಡುವವರ ಗುಂಪು ಕೂತಿರುತ್ತಿತ್ತು. ಹೋಗಿಬರುವ ಹೆಣ್ಣುಮಕ್ಕಳನ್ನು ಕಾಡದೆ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ಆ ವರ್ಷದ ಮಳೆಗಾಲದಲ್ಲಿ ಅವರಲ್ಲೊಬ್ಬ ಏಳನೆಯ ಇಯತ್ತೆಯ ಅನಸೂಯಾಳ ಪಾಟಿಚೀಲ ಕಸಿದು, ನಿಂತಿದ್ದ ಗೂಡ್ಸ್ ಬಂಡಿಯ ಮೇಲೆ ಎಸೆದ. ಹುಡುಗಿ ಅಳುತ್ತ ನಿಂತಿರುವಾಗಲೇ ಬಂಡಿ ಹೊರಟುಬಿಟ್ಟಿತು. ಪುಸ್ತಕ, ಕಂಪಾಸು, ಬುತ್ತಿ ಎಲ್ಲ ಗದಗಿನ ಕಡೆ ಹೋದವು.

ಅನಸೂಯಾಳ ತಾಯಿ ಕಾಶವ್ವ ರೊಟ್ಟಿ ಬಡಿಯುವವಳು. ನಾಲ್ಕು ಖಾನಾವಳಿಗಳಿಗೆ ಅವಳದೇ ರೊಟ್ಟಿ. ಮಗಳು ಬರಿಗೈಯಲ್ಲಿ ಮನೆಗೆ ಬಂದ ದಿನ ಅವಳು ಹೆಚ್ಚು ಮಾತಾಡಲಿಲ್ಲ. "ಸಾಲಿ ಸಾಕು. ಹಂಚಿನ ಮುಂದ ಕುಂದ್ರು, ಅದೇನು ಎಲ್ಲೂ ಓಡಿ ಹೋಗೂದಿಲ್ಲ," ಎಂದಳು. ಅವಳನ್ನು ನೋಡಿ ಇನ್ನೂ ಹತ್ತು ಮನೆಗಳವರು ತಮ್ಮ ಹೆಣ್ಣುಮಕ್ಕಳನ್ನು ಬಿಡಿಸಿದರು.

ಈ ಸಂಗತಿ ಅಪ್ಪನವರ ಕಿವಿಗೆ ಬಿತ್ತು. ಅಮಾವಾಸ್ಯೆಯ ದಿನ ಓಣಿಯ ಜನ ಕೂಡಿದಾಗ ಅವರು ಇಷ್ಟೇ ಅಪ್ಪಣೆ ಕೊಡಿಸಿದರು: "ಸೋಮವಾರದಿಂದ ನಮ್ಮ ಬಿನ್ನಹ ಬ್ಯಾರೆ. ಪಾಳಿ ಇದ್ದ ಮನಿಯವರೊಬ್ಬರು ಮಕ್ಕಳನ್ನ ಹಳಿ ದಾಟಿಸಿ ಸಾಲಿಗೆ ಕರಕೊಂಡು ಹೋಗಬೇಕು. ಗಂಟಿ ಹೊಡಿಯೂ ತನಕ ಹಿಂದಿನ ಬೆಂಚಿನ ಮ್ಯಾಲೆ ಕುಂತು, ಹೊಳ್ಳಿ ಕರಕೊಂಡು ಬರಬೇಕು. ಮಕ್ಕಳು ಮನಿ ಮುಟ್ಟಿದ ಮ್ಯಾಲೆ ನಮ್ಮ ಊಟ."

ಕಾರ್ಪೊರೇಟರ್ ಮುದಕಪ್ಪ ಅಲ್ಲಿಯೇ ಎದ್ದು ನಿಂತು, ಮೊದಲ ಪಾಳಿ ತನ್ನದು ಎಂದ. ಸೋಮವಾರ ಇಸ್ತ್ರಿಯಂಗಿ ತೊಟ್ಟು ಮಕ್ಕಳ ಮುಂದೆ ನಡೆದ. ಸಂದಿಯಲ್ಲಿ ಕೂತವರು ಅವನನ್ನು ಕಂಡು ಎಲೆ ಮಡಚಿದರು. ಶಾಲೆಯಲ್ಲಿ ಮಾತ್ರ ಅವನಿಗೆ ಸುಮ್ಮನೆ ಕೂಡಲಾಗಲಿಲ್ಲ. ಗಣಿತದ ಪಾಠದ ನಡುವೆ ಎದ್ದು ವಿದ್ಯೆಯ ಮಹತ್ವದ ಮೇಲೆ ಮುಕ್ಕಾಲು ತಾಸು ಭಾಷಣ ಮಾಡಿದ. ಮರುದಿನವೇ ಹೆಡ್‌ಮಾಸ್ತರರು ಒಂದು ನಿಯಮ ಮಾಡಿದರು: ಪಾಳಿಗೆ ಬಂದವರು ಹಿಂದಿನ ಬೆಂಚಿನಲ್ಲಿ ಕೂತು ಬಾಯಿ ತೆಗೆಯಬಾರದು.

ಓಣಿಯೆಲ್ಲ ಇದನ್ನು ಆಡಿಕೊಂಡು ನಕ್ಕಿತು. ಬಿಡಿಸಿದ್ದ ಹತ್ತು ಮನೆಗಳವರೂ ತಮ್ಮ ಹೆಣ್ಣುಮಕ್ಕಳನ್ನು ಮತ್ತೆ ಶಾಲೆಗೆ ಕಳಿಸಿದರು. ಕಾಶವ್ವ ನಗಲಿಲ್ಲ, ಮಗಳನ್ನು ಕಳಿಸಲೂ ಇಲ್ಲ.

ಅವಳ ಸಂಶಯಕ್ಕೆ ಅವಳದೇ ಬದುಕು ಕಾರಣ. ಗಂಡ ತೀರಿಕೊಂಡ ಹದಿಮೂರನೆಯ ದಿನ ಸಮಾಧಾನ ಹೇಳಲು ಬಂದ ಹಿರಿಯರು ಹೋಗುವಾಗ ಅವನ ಕೈಗಾಡಿಯನ್ನು ಎಳೆದುಕೊಂಡು ಹೋಗಿದ್ದರು. ಅಂದಿನಿಂದ ಒಳ್ಳೆಯ ಮಾತು ಆಡುವವರನ್ನು ಕಂಡರೆ ಅವಳು ಮೊದಲು ಅವರ ಕೈ ನೋಡುತ್ತಿದ್ದಳು. ಮೂರು ಕಲ್ಲಿನ ಒಲೆಯಿಂದ ಶುರು ಮಾಡಿ ನಾಲ್ಕು ಖಾನಾವಳಿಗಳವರೆಗೆ ಬಂದದ್ದು ಯಾರ ಹಂಗಿನಿಂದಲೂ ಅಲ್ಲ.

"ಮುದಕಪ್ಪಗ ಮುಂದಿನ ಇಲೆಕ್ಷನ್ ಐತಿ, ಅವನ ಆಟ ತಿಳೀತು. ಈ ಅಪ್ಪಾರಿಗೇನು ಬೇಕಾಗೇತಿ?" ಎಂದು ಅವಳು ನೆರೆಮನೆಯವಳನ್ನು ಕೇಳಿದಳು.

"ಅವ್ರಿಗೇನು ಬೇಕs ಯಕ್ಕಾ? ಪಾಪ, ಸಂಜೀತನಕ ಉಪವಾಸ ಇರ್ತಾರ."

"ಇರ್ತಾರಂತ ನೀ ನೋಡೀ ಏನು? ಮುಚ್ಚಿದ ಬಾಗಲದಾಗ ಯಾರು ಏನು ತಿಂತಾರ, ಯಾರಿಗೆ ಗೊತ್ತು?"

ಅವಳು ಬರೀ ಮಾತಾಡಿ ಬಿಡುವ ಹೆಂಗಸಲ್ಲ. ಒಂದು ಮಧ್ಯಾಹ್ನ ಎರಡು ರೊಟ್ಟಿ ಕೊಡುವ ನೆಪ ಮಾಡಿಕೊಂಡು ಮಠಕ್ಕೆ ಹೋದಳು. ಬಾಗಿಲು ತೆರೆದೇ ಇತ್ತು. ಅಪ್ಪನವರು ಕಣ್ಣು ಮುಚ್ಚಿ ಕುಳಿತಿದ್ದರು. ಕಾಶವ್ವ ಸದ್ದಾಗದಂತೆ ಒಳಗೆ ಬಂದು ಮೂಲೆಯ ಗಡಿಗೆಯ ಮುಚ್ಚಳ ತೆಗೆದಳು. ನೀರು. ಗೂಡಿಗೆ ಕೈ ಹಾಕಿದಳು. ವಿಭೂತಿ, ಬತ್ತಿ. ಚಾಪೆಯ ತುದಿಯನ್ನೂ ಎತ್ತಿ ನೋಡಿದಳು.

"ನೋಡಿದೇನವ್ವಾ?" ಎಂದರು ಅಪ್ಪನವರು, ಕಣ್ಣು ತೆರೆಯದೆಯೇ.

ಬೇರೆ ಯಾರಾದರೂ ಆಗಿದ್ದರೆ ಕಾಲಿಗೆ ಬೀಳುತ್ತಿದ್ದರು. ಕಾಶವ್ವ, "ನೋಡಿದೆನ್ರಿ," ಎಂದಳು.

"ಹಿಂದ ಇನ್ನೊಂದು ಸಣ್ಣ ಖೋಲಿ ಐತಿ. ಅದನ್ನೂ ನೋಡಿ ಹೋಗು. ಅರ್ಧಾ ನೋಡಿದರ ನಿನಗ ನಿದ್ದಿ ಬರೂದಿಲ್ಲ."

ಅವಳು ಅದನ್ನೂ ನೋಡಿದಳು. ಹಳೆಯ ಗೋಣಿಚೀಲಗಳು, ಒಂದು ದಬ್ಬಣ. ತಿನ್ನುವಂಥದ್ದು ಏನೂ ಇರಲಿಲ್ಲ. ಆದರೆ ಸಂಶಯ ಅಷ್ಟಕ್ಕೇ ಹೋಗುತ್ತದೆಯೇ? "ನಾ ಬರೂದು ಮೊದಲ ಗೊತ್ತಿತ್ತು," ಎಂದುಕೊಂಡು ತಾನು ತಂದ ರೊಟ್ಟಿಗಳೊಂದಿಗೆ ಮನೆಗೆ ಬಂದಳು.

ಕಾಶವ್ವನ ಪಾಳಿ ಒಂದು ಗುರುವಾರ ಬಂತು. ಅದರ ಹಿಂದಿನ ದಿನವೇ ಶಾಲೆಯಿಂದ ಚೀಟಿ ಬಂದಿತ್ತು. ಶುಕ್ರವಾರದೊಳಗೆ ಬರದಿದ್ದರೆ ಅನಸೂಯಾಳ ಹೆಸರನ್ನು ಹಾಜರಿಯಿಂದ ತೆಗೆಯಲಾಗುವುದು ಎಂದು. ಮಗಳೇ ಅದನ್ನು ಓದಿ ಹೇಳಿದಳು. ಓದಿ ಮಡಚಿ ತಾಯಿಯ ಕೈಗೆ ಕೊಟ್ಟು ಹಿಟ್ಟು ನಾದಲು ಕುಳಿತಳು. ಬೇಕು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಆ ಮೌನವೂ ಕಾಶವ್ವನಿಗೆ ಸಂಶಯವನ್ನೇ ಹುಟ್ಟಿಸಿತು. ಈ ಹುಡುಗಿಗೆ ಯಾರೋ ಏನೋ ಕಲಿಸಿಕೊಟ್ಟಿದ್ದಾರೆ.

ಗುರುವಾರ ಅವಳು ಮಕ್ಕಳ ಜೊತೆ ತಾನೂ ಹೋಗಲಿಲ್ಲ, ಬೇರೆ ಯಾರನ್ನೂ ಕಳಿಸಲಿಲ್ಲ. ಬೆಳಗಿನಿಂದ ಅಡಿಗೆಗೆ ನಿಂತಳು. ಎಣಗಾಯಿ, ಹೆಸರುಕಾಳು ಪಲ್ಲೆ, ಶೇಂಗಾ ಚಟ್ನಿ, ಹೂರಣದ ಹೋಳಿಗೆ, ಹಂಚಿನಿಂದ ಆಗತಾನೆ ಇಳಿಸಿದ ಬಿಸಿರೊಟ್ಟಿ. ಓಣಿಯ ಜನರೆದುರು ಇಂಥ ಎಲೆ ಹಾಕಿದರೆ ಅಪ್ಪನವರು ಏನು ಮಾಡುತ್ತಾರೆ? ಉಂಡರೆ ಅವರ ಮಾತು ಅವರೇ ಮುರಿದಂತೆ. ಉಣ್ಣದಿದ್ದರೆ ಅನ್ನಕ್ಕೆ ಅವಮಾನ ಮಾಡಿದಂತೆ. ಎರಡರಲ್ಲಿ ಯಾವುದಾದರೂ ಒಂದು ಬಯಲಾಗಬೇಕು ಎಂದೇ ಅವಳು ಹಟ ಹಿಡಿದಿದ್ದಳು.

ಅಪ್ಪನವರು ಕರೆದ ಮನೆಗೆ ಹೋಗದವರಲ್ಲ. ಮಧ್ಯಾಹ್ನ ಬಂದರು. ಕಾಶವ್ವ ಪಾದಕ್ಕೆ ನೀರು ಕೊಟ್ಟಳು, ಮಣೆ ಹಾಕಿ ಎಲೆ ತುಂಬ ಬಡಿಸಿದಳು. ಬಾಗಿಲಲ್ಲಿ ಹೆಂಗಸರು ಸೇರಿದ್ದರು.

"ಮಕ್ಕಳ ಸಂಗಾಟ ಯಾರು ಹೋಗ್ಯಾರವ್ವಾ?" ಎಂದರು ಅಪ್ಪನವರು.

ಸುಳ್ಳು ಹೇಳಬೇಕೆಂದಿದ್ದಳು. ತುಂಬಿದ ಎಲೆಯ ಮುಂದೆ ನಾಲಗೆ ಹೊರಳಲಿಲ್ಲ. "ಯಾರೂ ಹೋಗಿಲ್ರಿ. ನೀವು ಊಟ ಮಾಡ್ರಿ, ಆರತೈತಿ."

ಅಪ್ಪನವರು ಎಲೆಗೆ ಕೈ ಮುಗಿದು, ಅದನ್ನು ಮುಟ್ಟದೆ ಕುಳಿತರು. ಅಷ್ಟರಲ್ಲಿ ಮುದಕಪ್ಪ ಏದುಸಿರು ಬಿಡುತ್ತ ಬಾಗಿಲಿಗೆ ಬಂದ. "ಕಾಶಕ್ಕಾ, ಭೇಷ್! ನಿನ್ನ ಮಗಳು ಓಣಿಯ ಇಪ್ಪತ್ಮೂರೂ ಮಕ್ಕಳನ್ನ ಸಾಲಾಗಿ ಹಳಿ ದಾಟಿಸಿದಳಂತ. ಸಾಲಿ ತನಕ ಹೋಗಿ ನೋಡೇ ಬಂದೆ. ನಾ ಹೋದಾಗನೂ ಅಷ್ಟು ಶಿಸ್ತು ಇರಲಿಲ್ಲ ಬಿಡು."

ಕಾಶವ್ವನ ಕೈಯಲ್ಲಿದ್ದ ಹೋಳಿಗೆಯ ತಟ್ಟೆ ಕೆಳಗಿಳಿಯಿತು. ಅನಸೂಯಾ ಖಾನಾವಳಿಗಳಿಗೆ ರೊಟ್ಟಿ ಹಂಚಲು ಹೋದವಳು. ಇನ್ನೂ ಬಂದಿಲ್ಲವಲ್ಲ ಎಂದು ಅವಳು ಒಳಗೊಳಗೆ ಬೈಯುತ್ತಲೇ ಇದ್ದಳು. ಈಗ ಎಲ್ಲ ಹೊಳೆದಂತಾಯಿತು.

"ಇದs ಬೇಕಾಗಿತ್ತು ನಿಮಗ! ಇಬ್ಬರೂ ಕೂಡಿ ಹೂಡಿದ್ದು ಇದು. ನನ್ನ ಮಗಳನ್ನ ನನಗ ಹೇಳದs ಒಯ್ಯೂ ಸಲುವಾಗಿ ಇಷ್ಟು ದಿವಸ ಉಪವಾಸದ ಸೋಗು ಹಾಕಿದ್ರಿ!"

ಬಾಗಿಲಲ್ಲಿದ್ದ ಹೆಂಗಸರು ಹಣೆ ಹಣೆ ಬಡಿದುಕೊಂಡರು. ಮುದಕಪ್ಪ, "ಏ ಕಾಶಕ್ಕಾ, ಯಾರ ಮುಂದ ಮಾತಾಡಾಕ್ಹತ್ತಿ?" ಎಂದು ಗದರಿದ. ಅಪ್ಪನವರು ಅವನಿಗೆ ಸುಮ್ಮನಿರಲು ಸನ್ನೆ ಮಾಡಿದರು. ಅವರ ಮುಖದಲ್ಲಿ ಕೋಪವಿರಲಿಲ್ಲ.

"ಹೋಗವ್ವಾ, ಕರಕೊಂಡು ಬಾ. ಆದರ ಅಕಿ ಕೈಯಾಗ ಇಪ್ಪತ್ಮೂರು ಮಕ್ಕಳು ಅದಾವ. ಅಕಿನ್ನ ಬಿಡಿಸೂದಾದರ, ಅಕಿ ಬದಲಿ ಅವರ ಜೋಡಿ ನೀ ಕುಂದ್ರು. ನಾವು ಇಲ್ಲೇ ಇರ್ತೀವಿ."

ಕಾಶವ್ವ ಸೆರಗು ಬಿಗಿದುಕೊಂಡು ಹೊರಬಿದ್ದಳು. ಹಳಿ ದಾಟುವಾಗ ಎಡಬಲ ನೋಡಿದ್ದೂ ನೆನಪಿರಲಿಲ್ಲ. ಸಂದಿಯಲ್ಲಿ ಕೂತವರು ಅವಳ ಮುಖ ಕಂಡು ಗೋಡೆಗೆ ಸರಿದರು. ಶಾಲೆಯ ಅಂಗಳದಲ್ಲಿ ಹೆಡ್‌ಮಾಸ್ತರರು ಎದುರಾದರು.

"ನನ್ನ ಮಗಳನ್ನ ಯಾರು ಒಳಗ ಕುಂದ್ರಿಸಿದವರು?"

"ಯಾರೂ ಇಲ್ಲ ತಾಯಿ. ನಾನೇ ಮುಂದಿನ ಬೆಂಚಿಗೆ ಬಾ, ಹಾಜರಿ ಹಾಕ್ತೀನಿ ಅಂದೆ. ಬರಲಿಲ್ಲ. 'ನಮ್ಮವ್ವ ಸಾಲಿಗೆ ಹೋಗು ಅಂದಿಲ್ರಿ. ಮಕ್ಕಳು ನೀರಿನ ಟಾಕಿ ಹಂತೇಕ ಕಾಯ್ಕೊಂತ ನಿಂತಿದ್ವು. ನಾ ನಮ್ಮ ಮನಿ ಪಾಳಿಗೆ ಬಂದೀನಿ' ಅಂದಳು. ಹೋಗಿ ನೋಡಿ ಬೇಕಾದರೆ."

ಕಾಶವ್ವ ಕಿಟಕಿಯ ಬಳಿ ಹೋಗಿ ನಿಂತಳು. ಹಿಂದಿನ ಬೆಂಚಿನಲ್ಲಿ ಅನಸೂಯಾ ಕೂತಿದ್ದಳು. ಮುಂದೆ ಪುಸ್ತಕವಿಲ್ಲ, ಕೈ ಕಟ್ಟಿಕೊಂಡಿದ್ದಾಳೆ. ಮುಂಗೈಗೆ ಹತ್ತಿದ ಜೋಳದ ಹಿಟ್ಟು ಒಣಗಿ ಬಿಳುಪಾಗಿದೆ. ಅವಳ ಜೊತೆಗೆ ಓದುತ್ತಿದ್ದ ಹುಡುಗಿಯರು ಎರಡು ಸಾಲು ಮುಂದಿದ್ದಾರೆ.

ಬಾಯಿ ತೆಗೆದು ಕೂಗಬೇಕು ಎನ್ನುವಷ್ಟರಲ್ಲಿ ಮೇಷ್ಟ್ರು ಒಂದು ಪ್ರಶ್ನೆ ಕೇಳಿದರು. "ತುಂಗಾ, ಭದ್ರಾ ಎಲ್ಲಿ ಕೂಡುತ್ತವೆ? ಹೇಳ್ರಿ."

"ಹಂಪಿ!" ಎಂದ ಒಬ್ಬ. "ಹೊಸಪೇಟಿ ಡ್ಯಾಮಿನಾಗ!" ಎಂದಳು ಇನ್ನೊಬ್ಬಳು. ಮೇಷ್ಟ್ರು ತಲೆಯಾಡಿಸಿದರು. "ಇಲ್ಲ, ಇಲ್ಲ. ಯಾರಿಗೂ ಗೊತ್ತಿಲ್ಲೇನು?"

ಕಾಶವ್ವ ಮಗಳನ್ನೇ ನೋಡುತ್ತಿದ್ದಳು. ಅನಸೂಯಾಳ ತುಟಿಗಳು ಅಲುಗಿದವು. ಕಟ್ಟಿದ ಕೈಗಳಲ್ಲಿ ಒಂದು ತಾನಾಗಿ ಮೇಲೇರಿತು. ಹುಡುಗಿ ಬೆಚ್ಚಿ ಅದನ್ನು ಇಳಿಸಿಕೊಂಡು ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ಮೇಲ್ದುಟಿ ಕೆಳದುಟಿ ಒತ್ತಿ, ತುತ್ತು ನುಂಗಿದಂತೆ ಮಾತನ್ನು ನುಂಗಿದಳು. ಮೇಷ್ಟ್ರು ಇನ್ನೊಮ್ಮೆ ಕೇಳಿದರು. ಅವಳು ಇನ್ನೊಮ್ಮೆ ನುಂಗಿದಳು.

ತುಂಗಾ ಎಲ್ಲಿ ಹರಿಯುತ್ತದೆ, ಭದ್ರಾ ಎಲ್ಲಿ ಹರಿಯುತ್ತದೆ ಎಂದು ಕಾಶವ್ವನಿಗೆ ತಿಳಿಯದು. ಮಗಳಿಗೆ ತಿಳಿದಿದೆ ಎಂಬುದು ತಿಳಿಯಿತು. ಹತ್ತು ವರ್ಷ ಊರ ಜನರ ಕೈ ನೋಡಿ ನೋಡಿ ಬದುಕಿದವಳಿಗೆ, ಇಳಿಸಿ ಅದುಮಿಟ್ಟ ಆ ಒಂದು ಕೈಯಲ್ಲಿ ಯಾವ ಕಪಟವೂ ಕಾಣಲಿಲ್ಲ.

ಅವಳು ಕೂಗಲಿಲ್ಲ. ಬಾಗಿಲಿನಿಂದ ಒಳಗೆ ಬಂದು ಹಿಂದಿನ ಬೆಂಚಿನಲ್ಲಿ ಮಗಳ ಪಕ್ಕ ಕುಳಿತಳು. ಅನಸೂಯಾ ಹೆದರಿ ಏಳಹೋದಾಗ ತೊಡೆಯ ಮೇಲೆ ಕೈಯಿಟ್ಟು ಕೂರಿಸಿದಳು. ಗಂಟೆ ಹೊಡೆಯುವವರೆಗೆ ತಾಯಿ ಮಗಳು ಇಬ್ಬರೂ ಬಾಯಿ ತೆಗೆಯಲಿಲ್ಲ.

ಮಕ್ಕಳ ಸಾಲಿನ ಹಿಂದೆ ಬರುವಾಗ ಹಳಿಯ ಹತ್ತಿರ ಕಾಶವ್ವ ಕೇಳಿದಳು. "ಎಲ್ಲಿ ಕೂಡತಾವಲೇ ಅವು?"

"ಕೂಡಲಿಯೊಳಗ, ಬೇ."

"ಮತ್ತ ಯಾಕ ಹೇಳಲಿಲ್ಲ?"

"ಪಾಳಿಯವರು ಬಾಯಿ ತೆಗೀಬಾರದು ಅಂತ ಐತಲ್ಲ."

ಕಾಶವ್ವ ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡಳು. ಬಿಸಿಲಿನಿಂದ ಎಂದು ಮಕ್ಕಳು ತಿಳಿದಿರಬೇಕು.

ಮನೆಗೆ ಬಂದಾಗ ಐದು ಹೊಡೆದಿತ್ತು. ಅಪ್ಪನವರು ಅದೇ ಮಣೆಯ ಮೇಲೆ, ಅದೇ ಎಲೆಯ ಮುಂದೆ, ಅದೇ ಭಂಗಿಯಲ್ಲಿ ಕುಳಿತಿದ್ದರು. ಹೋಳಿಗೆಯ ಮೇಲಿನ ತುಪ್ಪ ಹೆಪ್ಪುಗಟ್ಟಿತ್ತು. ರೊಟ್ಟಿ ಬಿರುಸಾಗಿತ್ತು. ಎಲೆಗೆ ನೊಣ ಬಾರದಂತೆ ಮುದಕಪ್ಪ ಟವೆಲ್ಲಿನಿಂದ ಬೀಸುತ್ತ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಅವನೂ ಊಟ ಮಾಡಿರಲಿಲ್ಲವೆಂದು ಅವನ ಮುಖವೇ ಹೇಳುತ್ತಿತ್ತು.

ಕಾಶವ್ವ ಹೊಸ್ತಿಲಲ್ಲೇ ನಿಂತಳು. "ಅಪ್ಪಾರ, ನಾ ನಿಮ್ಮ ಗಡಿಗಿ ತೆಗೆದು ನೋಡಿದಾಕಿ. ನಿಮ್ಮ ಮಾರಿ ಮುಂದs ಸೋಗು ಅಂದಾಕಿ. ನನಗ..."

"ಎಲ್ಲಾ ಮಕ್ಕಳೂ ಮನಿ ಮುಟ್ಟಿದವೇನವ್ವಾ?"

"ಮುಟ್ಟಿದವ್ರಿ. ಒಂದೊಂದು ಮನಿ ಬಾಗಿಲಿಗೂ ಬಿಟ್ಟs ಬಂದೀನಿ."

"ಹಂಗಾದರ ತಡಾ ಯಾಕ? ಹಸಿವ್ಯಾಗೇತಿ."

ಅವಳು ಹೊಸದಾಗಿ ರೊಟ್ಟಿ ಬಡಿದು ಕೊಡುತ್ತೇನೆಂದು ಒಲೆಯ ಕಡೆ ಓಡಿದಳು. ಅಪ್ಪನವರು ಬೇಡವೆಂದರು. ಆರಿದ ರೊಟ್ಟಿಯನ್ನು ಮುರಿದು, ಆರಿದ ಎಣಗಾಯಿಗೆ ಹಚ್ಚಿ, ಒಂದು ತುಣುಕನ್ನೂ ಬಿಡದೆ ಸ್ವೀಕರಿಸಿದರು. ಉಂಡು ಕೈ ತೊಳೆದು, ಅನಸೂಯಾಳ ತಲೆಯ ಮೇಲೆ ಕೈಯಿಟ್ಟು ಹೊರಟರು. ನಾಳೆ ಕಳಿಸು ಎಂದಾಗಲಿ, ಓದಿಸು ಎಂದಾಗಲಿ ಒಂದು ಮಾತನ್ನೂ ಆಡಲಿಲ್ಲ.

ಶುಕ್ರವಾರ ಕಾಶವ್ವನ ಪಾಳಿ ಇರಲಿಲ್ಲ. ಆದರೂ ಅವಳು ನಸುಕಿನಲ್ಲೇ ರೊಟ್ಟಿ ಮುಗಿಸಿ, ಬುಟ್ಟಿಗಳನ್ನು ತಾನೇ ಹೊತ್ತು ಖಾನಾವಳಿಗಳಿಗೆ ಮುಟ್ಟಿಸಿ, ಮಗಳಿಗೆ ಎಣ್ಣೆ ಹಚ್ಚಿ ಎರಡು ಜಡೆ ಹೆಣೆದು ಶಾಲೆಗೆ ಕರೆದುಕೊಂಡು ಹೋದಳು. ಹೆಡ್‌ಮಾಸ್ತರರ ಕೋಣೆಯಲ್ಲಿ ಪಾಳಿಯ ಮನೆಯವರೂ ಇದ್ದರು, ಮುದಕಪ್ಪನೂ ಇದ್ದ. ಹೆಡ್‌ಮಾಸ್ತರರು ಹಾಜರಿ ಪುಸ್ತಕ ತೆರೆದು, ಕನ್ನಡಕ ಸರಿಪಡಿಸಿಕೊಂಡು, ನಿಯಮದಂತೆ ಕೇಳಿದರು.

"ನಲವತ್ತು ದಿನ ಗೈರುಹಾಜರಿ. ಕಾರಣ ಏನು ಬರೀಲಿ ತಾಯಿ? ಜ್ವರ ಅಂತ ಬರೀಲೇ?"

ಮುದಕಪ್ಪ ಸಹಾಯಕ್ಕೆ ಬಂದ. "ಹೌದ್ರಿ ಸರ, ಜ್ವರ ಅಂತನ ಬರೀರಿ. ಎಲ್ಲಾರೂ ಹಂಗs ಬರಸ್ತಾರ."

"ಜ್ವರ ಬಂದಿರಲಿಲ್ಲ," ಎಂದಳು ಕಾಶವ್ವ. ಅಷ್ಟೂ ಜನರೆದುರು ತಲೆ ತಗ್ಗಿಸದೆ, ಮಗಳ ಭುಜದ ಮೇಲೆ ಕೈಯಿಟ್ಟುಕೊಂಡೇ ಹೇಳಿದಳು. "ಕಾರಣ ನಾನs. ಹಂಗs ಬರೀರಿ."