ಆಚೆ ದಡದಿಂದ ಒಂದು ಮಾತು

ಹೊಳೆಯ ದಂಡೆಯಲ್ಲಿ ಸಿದ್ಧೋಜಿ ಎಂಬ ಮುದುಕನೊಬ್ಬ ಬಾಣಬಿರುಸು ಮಾಡುತ್ತ ಒಬ್ಬನೇ ಇದ್ದ. ಆಕಾಶಕ್ಕೆ ಹಾರಿ ಹೂವಾಗಿ ಅರಳುವ ಗುಂಡು ಕಟ್ಟುವುದರಲ್ಲಿ ಅವನನ್ನು ಬಿಟ್ಟರೆ ಇನ್ನೊಬ್ಬನಿಲ್ಲ ಎಂದು ಸುತ್ತಿನವರು ಹೇಳುತ್ತಿದ್ದರು. ಹೇಳುತ್ತಿದ್ದರು ಅಷ್ಟೇ, ಹತ್ತಿರ ಹೋಗುತ್ತಿರಲಿಲ್ಲ. ಮದ್ದಿನ ಮನೆಯ ಪಕ್ಕ ಯಾರು ತಾನೇ ಮನೆ ಕಟ್ಟುತ್ತಾರೆ?

ಅವನ ಹತ್ತಿರ ಒಂದು ದಿನ ತಿರುಕಪ್ಪ ಬಂದ. ನಲವತ್ತು ದಾಟಿದ ಆಸಾಮಿ, ಬೀಗ ರಿಪೇರಿ ಅವನ ಕಸುಬು. ಗುಂಡು ಕಟ್ಟುವ ಹುಚ್ಚು ಹಿಡಿದು, ತಾನೇ ಏನೇನೋ ಪ್ರಯೋಗ ಮಾಡಿ, ಒಂದು ಹುಬ್ಬು ಸುಟ್ಟುಕೊಂಡಿದ್ದ.

"ನನಗೆ ಗುಂಡು ಕಟ್ಟೋದು ಕಲಿಸಿ, ಗುರುಗಳೇ."

ಸಿದ್ಧೋಜಿ ಅವನ ಮುಖವನ್ನು ತೀರಾ ಹತ್ತಿರ ಬಂದು ನೋಡಿದ. ಮುದುಕನ ಎರಡೂ ಕಣ್ಣಿಗೆ ಪೊರೆ ಬಂದಿತ್ತು.

"ಇನ್ನೊಂದು ಹುಬ್ಬು ಉಳಿಸ್ಕೊಂಡಿದೀಯ. ಪರವಾಗಿಲ್ಲ. ಆಚೆ ದಡಕ್ಕೆ ಹೋಗಿ ನಿಂತ್ಕೊ."

"ಅಲ್ಲಿ ಏನಿದೆ?"

"ಏನೂ ಇಲ್ಲ. ಅದಕ್ಕೇ ಹೋಗು ಅಂದದ್ದು."

ಬತ್ತಿ ಹಚ್ಚುವವನು ನೆಲ ನೋಡಿಕೊಂಡು ಓಡಬೇಕು. ಅವನು ತಲೆ ಎತ್ತುವಷ್ಟರಲ್ಲಿ ಮೇಲೆಲ್ಲ ಹೊಗೆ. ಹೂ ಹೇಗೆ ಬಂತೆಂದು ದೂರದಲ್ಲಿ ನಿಂತವರೇ ಕೂಗಿ ಹೇಳಬೇಕು, ಅದೂ ಕಣ್ಣಲ್ಲಿ ಬಣ್ಣ ಆರುವುದರೊಳಗೆ. ಇದು ಸಿದ್ಧೋಜಿಯ ಮನೆಯ ಪದ್ಧತಿ. ಇಪ್ಪತ್ತೊಂಬತ್ತು ವರ್ಷ ಅವನ ಹೆಂಡತಿ ರುಕ್ಮವ್ವ ಆ ದಡದಲ್ಲಿ ನಿಂತು ಕೂಗಿದ್ದಳು. ಅವಳು ತೀರಿಕೊಂಡ ಮೇಲೆ ಅವನು ಒಂದು ಗುಂಡನ್ನೂ ಹಾರಿಸಿರಲಿಲ್ಲ.

ಅವನಿಗೆ ಬೇಕಾಗಿದ್ದದ್ದು ನೀಲಿ. ಕೆಂಪು, ಹಸಿರು, ಬಂಗಾರದ ಬಣ್ಣ ಎಲ್ಲ ಯಾವತ್ತೋ ಕೈಗೆ ಬಂದಿದ್ದವು. ನೀಲಿ ಮಾತ್ರ ಮೇಲೆ ಹೋಗಿ ಒಡೆಯುವಾಗ ಬೂದಿ ಬಣ್ಣವಾಗುತ್ತಿತ್ತು. ರುಕ್ಮವ್ವ ಇದ್ದಾಗ ಬರಲಿಲ್ಲ, ತನ್ನ ಕಣ್ಣು ಪೂರ್ತಿ ಹೋಗುವುದರೊಳಗಾದರೂ ಬರಲಿ ಎಂಬುದೊಂದೇ ಮುದುಕನ ಆಸೆ.

ಈಗ ಆಚೆ ದಡಕ್ಕೆ ಜನ ಸಿಕ್ಕಿತು. ಮತ್ತೆ ಕೆಲಸ ಸುರುವಾಯಿತು. ಹದಿನೈದು ದಿನಕ್ಕೊಂದು ಗುಂಡು. ಮುಸ್ಸಂಜೆಗೆ ತಿರುಕಪ್ಪ ದೋಣಿ ದಾಟುತ್ತಿದ್ದ. ಗುಂಡು ಹಾರುತ್ತಿತ್ತು.

"ಬೂದಿ!" ಎಂದು ಕೂಗುತ್ತಿದ್ದ.

"ಸರಿ," ಎಂದು ಈ ಕಡೆಯಿಂದ ಸಣ್ಣ ದನಿ ಬರುತ್ತಿತ್ತು.

ಆರು ತಿಂಗಳಾದರೂ ತಿರುಕಪ್ಪನಿಗೆ ಮದ್ದು ಮುಟ್ಟಲು ಸಿಗಲಿಲ್ಲ.

"ಗುರುಗಳೇ, ನಾನು ಕಟ್ಟೋದು ಕಲಿಯೋಕೆ ಬಂದದ್ದು. ಬರೀ ಕೂಗ್ತಾ ಇದೀನಿ."

"ಕೂಗೋದು ಕಲಿತೆಯಾ?"

"ಅದರಲ್ಲಿ ಕಲಿಯೋದೇನಿದೆ?"

"ಹಾಗಾದರೆ ಇನ್ನೂ ಕಲಿತಿಲ್ಲ," ಎಂದ ಗುರು.

ಮಳೆಗಾಲ ಹತ್ತಿರ ಬಂತು. ಆ ಸಲದ ಗುಂಡನ್ನು ಮುದುಕ ಒಂಬತ್ತು ದಿನ ಊಟ ನಿದ್ದೆ ಬಿಟ್ಟು ಕಟ್ಟಿದ್ದ. ಗುಂಡು ಹಾರಿತು, ಒಡೆಯಿತು. ಬೂದಿಯೇ ಬಂತು. ಅಂಚಿನಲ್ಲಿ ನಾಲ್ಕೇ ನಾಲ್ಕು ಚುಕ್ಕಿ ನೀಲಿ ಇದ್ದವು, ಅವೂ ಕ್ಷಣದಲ್ಲಿ ಆರಿದವು.

ತಿರುಕಪ್ಪ ಕೂಗಲು ಬಾಯಿ ತೆರೆದವನು ಈ ದಡದ ಕಡೆ ನೋಡಿದ. ಕಂದೀಲಿನ ಬೆಳಕಿನಲ್ಲಿ ಮುದುಕ ಕಿವಿಗೆ ಕೈ ಇಟ್ಟುಕೊಂಡು ನಿಂತಿದ್ದ. ಅಷ್ಟು ದೊಡ್ಡ ಹೊಳೆಯ ಪಕ್ಕ ಒಂದು ಹಿಡಿಯಷ್ಟಿದ್ದ.

"ನೀಲಿ!" ಎಂದು ತಿರುಕಪ್ಪ ಕೂಗಿಬಿಟ್ಟ.

ಈ ಕಡೆಯಿಂದ "ಸರಿ" ಎಂಬ ಮಾತು ಬರಲಿಲ್ಲ. ದೋಣಿ ಇಳಿದು ಬಂದು ನೋಡಿದರೆ ಸಿದ್ಧೋಜಿ ಮರಳಿನ ಮೇಲೆ ಕೂತು ಅಳುತ್ತಿದ್ದ.

ಮರುದಿನ ಬೆಳಗ್ಗೆ ಗುರು ಗೋಧಿ ಪಾಯಸ ಮಾಡಿದ. ಗುಂಡು ಹಾರಿಸುವ ಕಬ್ಬಿಣದ ಕೊಳವೆಯನ್ನು ತೊಳೆದು ಮೂಲೆಯಲ್ಲಿ ಬೋರಲು ಹಾಕಿದ.

"ಇನ್ನು ಸಾಕು," ಎಂದ. ಪೆಟ್ಟಿಗೆಯಿಂದ ಒಂದು ಹಳೆಯ ನೋಟ್‌ಬುಕ್ ತೆಗೆದು ತಿರುಕಪ್ಪನ ಕೈಗೆ ಕೊಟ್ಟ. "ಇದು ಅವಳು ಬರೆದಿಟ್ಟದ್ದು. ನಿನ್ನೆ ಹಾಕಿದ ಅಳತೆ ಹೇಳ್ತೀನಿ, ಕೊನೇಲಿ ಬರ್ಕೊ. ಮುಂದೆ ಕಟ್ಟುವವರು ಇದನ್ನೇ ನೋಡಿ ಕಟ್ಟಲಿ. ಮೊದಲು ನೀನೇ ಕಟ್ಟು."

ಆರು ತಿಂಗಳಿಂದ ಕಾಯುತ್ತಿದ್ದ ಮಾತು ಅದು. ತಿರುಕಪ್ಪ ಹಾಳೆ ತಿರುವಿದ. ರುಕ್ಮವ್ವನ ಅಕ್ಷರಗಳು ಗುಂಡಗೆ ಇದ್ದವು. ಪ್ರತಿ ಗುಂಡಿಗೂ ಒಂದು ಸಾಲು.

'ಬೂದಿ.'

'ಬೂದಿ. ಎಡಗಡೆ ಸೊಟ್ಟ.'

'ಮೋಡ ಇತ್ತು, ಕಾಣಲಿಲ್ಲ.'

'ಬೂದಿ. ಇದಕ್ಕಿಂತ ನಮ್ಮ ಒಲೆ ವಾಸಿ.'

'ಬೂದಿ. ಪಾಪ, ಬಾಳ ಆಸೆ ಇಟ್ಕೊಂಡಿದ್ದರು. ಆದರೂ ಬೂದಿ.'

ತಿರುಕಪ್ಪ ಆ ಸಾಲನ್ನು ಎರಡು ಸಲ ಓದಿದ. ಪೆನ್ನು ಹಿಡಿದ ಕೈ ಮುಂದಕ್ಕೆ ಹೋಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎನ್ನುತ್ತಾರೆ. ಒದ್ದರೆ ಒದೆಯಲಿ ಅನಿಸಿತು.

"ಗುರುಗಳೇ, ನಿನ್ನೆ ನೀಲಿ ಬರಲಿಲ್ಲ."

ಸಿದ್ಧೋಜಿಯ ಕೈಯಲ್ಲಿದ್ದ ಪಾಯಸದ ಬಟ್ಟಲು ಅಲ್ಲೇ ನಿಂತಿತು.

"ಏನು ಬಂತು?"

"ಬೂದಿ. ಅಂಚಲ್ಲಿ ನಾಲ್ಕು ಚುಕ್ಕಿ ಮಾತ್ರ ನೀಲಿ."

"ಯಾವ ಕಡೆ ಅಂಚು?"

"ಕೆಳಗಡೆ. ತಡವಾಗಿ ಹೊತ್ತಿಕೊಂಡವು."

"ಹೊತ್ತಿ ಎಷ್ಟು ಹೊತ್ತು ಇದ್ದವು?"

"ಒಂದು ಸಲ ಉಸಿರು ಎಳೆಯೋಷ್ಟು."

ಮುದುಕ ಬಟ್ಟಲನ್ನು ಕೆಳಗಿಟ್ಟ.

"ಯಾಕೆ ಹಾಗೆ ಕೂಗಿದೆ?"

"ಕಿವಿಗೆ ಕೈ ಇಟ್ಕೊಂಡು ಒಬ್ಬರೇ ನಿಂತಿದ್ರಿ. ನೋಡೋಕೆ ಆಗಲಿಲ್ಲ."

ಸಿದ್ಧೋಜಿ ಎದ್ದ. ಗೋಡೆ ಹಿಡಿದುಕೊಂಡು ಮೂಲೆಗೆ ಹೋಗಿ, ಬೋರಲು ಹಾಕಿದ್ದ ಕೊಳವೆಯನ್ನು ಮತ್ತೆ ನೆಟ್ಟಗೆ ನಿಲ್ಲಿಸಿದ. ಭಾರವಾಗಿತ್ತು. ತಿರುಕಪ್ಪ ಓಡಿ ಹೋಗಿ ಕೈಕೊಟ್ಟ.

"ನನ್ನನ್ನ ಹೊರಗೆ ಹಾಕಲ್ವಾ, ಗುರುಗಳೇ?"

"ಹಾಕಿದರೆ ಕೂಗೋರು ಯಾರು? ಮಳೆ ಹಿಡಿಯೋದರೊಳಗೆ ಇನ್ನೊಂದು ಕಟ್ಟೋಣ. ಚುಕ್ಕಿ ಆಗೋ ಮದ್ದಿನ ಉಂಡೆ ಈ ಸಲ ನೀನು ಉರುಳಿಸು."

"ನಿಮಗೆ ಕೋಪ ಇಲ್ವಾ?" ಎಂದ ತಿರುಕಪ್ಪ.

ಗುರು ಹೊಳೆಯ ಕಡೆ ಮುಖ ತಿರುಗಿಸಿದ.

"ನನ್ನ ಜೀವಮಾನದಲ್ಲಿ, ಆಚೆ ದಡದಲ್ಲಿ ಯಾರೂ ಇಲ್ಲದೆ ನಾನು ಹಾರಿಸಿದ ಗುಂಡು ನಿನ್ನೆಯದೊಂದೇ, ತಮ್ಮಾ."