ಸಾವಂತ್ರಕ್ಕನ ಕಾರು, ಮಾಸ್ತರರ ಪರೀಕ್ಷೆ

ಹೊಲಿಗೆ ಯಂತ್ರ ರಿಪೇರಿ ಮಾಡುವ ಸಾವಂತ್ರಕ್ಕ ಪುಸ್ತಕ ಓದಿಯೇ ಹಳೇ ಕಾಲದ ಕಾರೊಂದಕ್ಕೆ ಹೊಸ ಎಂಜಿನ್ ಕೂಡಿಸಿದಳು. ಐಟಿಐ ಮೋಟಾರು ಮಾಸ್ತರರಿಂದ ಶಭಾಷ್ ಅನ್ನಿಸಿಕೊಂಡೇ ಬರುತ್ತೇನೆಂದು ಓಣಿಗೆಲ್ಲ ಸಾರಿ, ಅವರ ವರ್ಗದ ಮುಂದೆಯೇ ಕಾರು ತಂದು ನಿಲ್ಲಿಸಿದಳು.

"ಎಲ್ಲಿ, ಇನ್ನೊಮ್ಮೆ ಚಾಲೂ ಮಾಡವ್ವಾ," ಎಂದರು ಮಾಸ್ತರರು.

ಕೀಲಿ ತಿರುಗಿಸಿದಳು. ಕಾರು ಕೆಮ್ಮಿತು. ಮತ್ತೆ ತಿರುಗಿಸಿದಳು. ಕೆಮ್ಮೂ ನಿಂತಿತು.

"ಪುಸ್ತಕದಾಗ ಮುಂದಿನ ಹಾಳಿ ಹರಿದಿತ್ತೇನವ್ವಾ?"

ವಿದ್ಯಾರ್ಥಿಗಳು ಹೋ ಎಂದು ನಕ್ಕರು. ಸೋತೆ ಎನ್ನುವ ಮಾತು ಸಾವಂತ್ರಕ್ಕನ ಬಾಯಿಗೆ ಬರುವುದಿಲ್ಲ.

"ಬೇಕಂತನ ಒಂದು ಫಾಲ್ಟ್ ಬಚ್ಚಿಟ್ಟು ತಂದೀನ್ರೀ ಸರ. ನಿಮಗ ಸಿಗತೈತೋ ಇಲ್ಲೋ ನೋಡೂಣಂತ."

ಶಿಷ್ಯರೆದುರು ಮಾಸ್ತರರು ಬಿಟ್ಟಾರೆಯೇ? ಬಿಳಿ ಅಂಗಿಯಲ್ಲೇ ಕಾರಿನಡಿ ನುಗ್ಗಿದರು. ಅರ್ಧ ತಾಸಿಗೆ ಎಂಜಿನ್ ಗುಡುಗಿತು. ಮುಖವೆಲ್ಲ ಮಸಿ ಮಾಡಿಕೊಂಡು ಹೊರಬಂದು ಕೇಳಿದರು, "ಪಾಸಾದೆನೇನವ್ವಾ?"

"ಫಸ್ಟ್ ಕ್ಲಾಸ್ ರೀ ಸರ! ಆ ಫಾಲ್ಟ್ ಎಲ್ಲಿತ್ತಂತ ಈಗ ನನಗೂ ಸ್ವಲ್ಪ ಹೇಳ್ರಿ."