ಘಟ್ಟ ಇಳಿಯುವಾಗ ಎಂಜಿನ್ ಆರಿಸಿದವನು

"ಗುರುಗಳೇ, ಕೋಪ ಗೆಲ್ಲಬೇಕೆಂದು ಮೂರು ತಿಂಗಳಿಂದ ಮನೆಯಲ್ಲಿ ಮಾತೇ ಬಿಟ್ಟಿದ್ದೇನೆ. ಮಾತಿದ್ದರೆ ತಾನೇ ಜಗಳ? ಆದರೂ ನಿನ್ನೆ ಹಾಲಿನ ಲೋಟ ಉರುಳಿಸಿದಳೆಂದು ಮಗಳಿಗೆ ಹೊಡೆದುಬಿಟ್ಟೆ. ಐದು ವರ್ಷದ ಮಗು. ಕೈ ಮೇಲೆದ್ದದ್ದು ನನಗೇ ಗೊತ್ತಾಯಿತು, ತಡೆಯಲಾಗಲಿಲ್ಲ. ಎಲ್ಲಿ ತಪ್ಪಿದೆ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಟ್ಯಾಕ್ಸಿ ಚಾಲಕನಿದ್ದ. ಒಳ್ಳೆಯವನೇ. ಕುಡಿತವಿಲ್ಲ, ತಂಟೆಯಿಲ್ಲ. ಆದರೆ ಅವನಲ್ಲಿ ಒಂದು ಜಾಣತನವಿತ್ತು. ಜಾಣತನದ ವಿಷಯ ಹಾಗೆಯೇ ನೋಡು, ಒಂದಿದ್ದರೂ ಸಾಕು, ಮನುಷ್ಯನನ್ನು ಬಹಳ ದೂರ ಕೊಂಡೊಯ್ಯುತ್ತದೆ. ಓಡಿಸುವುದು ಎಂಜಿನ್, ನಿಲ್ಲಿಸುವುದು ಬ್ರೇಕು, ಒಂದಕ್ಕೊಂದು ಸಂಬಂಧವಿಲ್ಲ ಎಂದು ಅವನು ತಿಳಿದಿದ್ದ.

ಒಂದು ದಿನ ಒಬ್ಬ ವ್ಯಾಪಾರಿ ಅವನ ಕಾರಿನಲ್ಲಿ ಘಟ್ಟ ಇಳಿಯಲು ಹೊರಟ. ನೆತ್ತಿ ದಾಟಿದ್ದೇ ತಡ, ಚಾಲಕ ಗೇರು ತಪ್ಪಿಸಿ ಎಂಜಿನ್ ಆರಿಸಿದ.

"ಏನಯ್ಯಾ, ಕೆಟ್ಟುಹೋಯಿತೇ?" ಎಂದ ವ್ಯಾಪಾರಿ.

"ನಾನೇ ಆರಿಸಿದೆ ಸಾಹುಕಾರ್ರೇ. ಇಳಿಜಾರಿಗೆ ಎಂಜಿನ್ ಯಾಕೆ? ಪೆಟ್ರೋಲೂ ಉಳಿಯಿತು, ಗದ್ದಲವೂ ಇಲ್ಲ. ಹಾಯಾಗಿ ನಿದ್ದೆ ಮಾಡಿ."

"ನನ್ನ ನಿದ್ದೆ ಹಾಗಿರಲಿ, ನಿನ್ನ ಬ್ರೇಕ್ ಹೇಗಿದೆ?"

"ಮೊನ್ನೆ ತಾನೇ ಹೊಸದು ಹಾಕಿಸಿದ್ದೇನೆ."

ಮೊದಲ ತಿರುವಿನಲ್ಲಿ ಪೆಡಲ್ ಮೆತ್ತಗೆ ಇಳಿಯಿತು. ಎರಡನೆಯದರಲ್ಲಿ ಕೊಂಚ ಬಿಗಿಯಾಯಿತು. ಮೂರನೆಯ ತಿರುವಿನಲ್ಲಿ ಕುರಿಗಳ ಹಿಂಡೊಂದು ರಸ್ತೆ ದಾಟುತ್ತಿತ್ತು, ಹಿಂದೆ ಕುರಿ ಕಾಯುವ ಮುದುಕಿ. ಚಾಲಕ ತುಳಿದ. ಬಂಡೆಯನ್ನು ತುಳಿದಂತಾಯಿತು. ಎರಡೂ ಕಾಲು ಊರಿ ತುಳಿದ. ಕಾರಿನ ವೇಗ ತಗ್ಗಿತೇ ಹೊರತು ಅದು ನಿಲ್ಲಲಿಲ್ಲ. ಕೊನೆಗೆ ಗುಡ್ಡದ ಗೋಡೆಗೆ ತಾಗಿಸಿ ನಿಲ್ಲಿಸಿದ. ಅಷ್ಟರಲ್ಲಿ ಎರಡು ಕುರಿ ಸತ್ತಿದ್ದವು, ಮುದುಕಿಯ ಕಾಲು ಮುರಿದಿತ್ತು.

"ಸದ್ದಿಲ್ದಂಗ ಬಂದ್ಯಲ್ಲೋ ಯಪ್ಪಾ! ಸದ್ದ ಕೇಳಿದ್ರ ಸರೀತಿದ್ನಲ್ಲೋ" ಎಂದು ಮುದುಕಿ ನರಳಿದಳು.

ಅವಳನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ಮೆಕ್ಯಾನಿಕ್ ಬಂದ. "ಬ್ರೇಕ್ ಕೈಕೊಟ್ಟಿತು" ಎಂದು ಚಾಲಕ ಅತ್ತ. ಮೆಕ್ಯಾನಿಕ್ ಎಂಜಿನ್ ಚಾಲೂ ಮಾಡಿ, "ಈಗ ತುಳಿ" ಎಂದ. ಪೆಡಲ್ ಬೆಣ್ಣೆಯಂತೆ ಇಳಿಯಿತು.

"ಬ್ರೇಕಿಗೆ ಏನೂ ಆಗಿಲ್ಲಪ್ಪ. ಎಂಜಿನ್ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದಲ್ಲ, ಆ ಎಳೆತವೇ ನಿನ್ನ ಕಾಲಿಗೆ ಬಲ ಕೊಡುವುದು. ಆರಿಸಿದ ಮೇಲೆ ಎರಡು ಸಲ ತುಳಿಯುವಷ್ಟು ಉಳಿದಿರುತ್ತದೆ, ಅಷ್ಟೇ. ಅದನ್ನು ನೀನು ಮೊದಲೆರಡು ತಿರುವಿನಲ್ಲೇ ಮುಗಿಸಿದೆ."

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಸಣ್ಣಗೆ ನಕ್ಕ. "ಪಾಪ, ದಿನವೂ ಕಾರು ಓಡಿಸುವವನಿಗೆ ಅಷ್ಟೂ ತಿಳಿದಿರಲಿಲ್ಲವೇ?"

ಗುರುಗಳು ಅವನ ಮುಖ ನೋಡಿದರು.

"ಮೂರು ತಿಂಗಳು ಮಗಳನ್ನು ಒಮ್ಮೆಯೂ ಹೆಸರು ಹಿಡಿದು ಕರೆಯದವನಿಗೆ, ಎತ್ತಿದ ಕೈಯನ್ನು ತಡೆಯುವ ಬಲ ಎಲ್ಲಿಂದ ಬರಬೇಕಿತ್ತು?"